ಅರ್ಧ ವಚನದ ಎಲೀಸಪ್ಪ

ಮಲಪ್ರಭೆಯ ದಂಡೆಯ ಮೇಲಿನ ಒಂದು ಊರಲ್ಲಿ ಎಲೀಸಪ್ಪ ಎಂಬ ನೇಕಾರನಿದ್ದ. ಅವನಷ್ಟು ಅಂಜುಬುರುಕ ಆ ಊರಲ್ಲಿ ಇನ್ನೊಬ್ಬ ಇರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಅಂಜಿಕೆ. ಗುಡುಗಿದರೆ ಅಂಜಿಕೆ. ಯಾರಾದರೂ ಬಾಗಿಲು ಬಡಿದರೆ ಅಂಜಿಕೆ, ಬಹಳ ಹೊತ್ತು ಯಾರೂ ಬಡಿಯದಿದ್ದರೆ ಯಾಕೆ ಬಡಿಯಲಿಲ್ಲ ಅಂತ ಅಂಜಿಕೆ. ಅವನ ಹೆಂಡತಿ ರೂತವ್ವ ಬಾವಿಕಟ್ಟೆಯಲ್ಲಿ ಗೆಳತಿಯರ ಮುಂದೆ ನಗುತ್ತಿದ್ದಳು, “ನಮ್ಮ ಮನಿಯವರು ತಮ್ಮ ನೆರಳು ಎದುರಿಗೆ ಬಂದ್ರೂ ದಾರಿ ಬಿಟ್ಟು ನಿಲ್ಲೂ ಮಂದಿ!”

ಅವನದು ಕುಣಿಮಗ್ಗ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ಅದರೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕೂತು ನೇಯುವುದು. ಎಲೀಸಪ್ಪ ಅದರಲ್ಲಿ ಕೂತು ಕುಪ್ಪಸದ ಖಣ ನೇಯುತ್ತಿದ್ದ, ಕೈಕೆಲಸದಲ್ಲಿ ಎತ್ತಿದ ಕೈ. ಆದರೆ ಹೊರಗೆ ಏನಾದರೂ ಸದ್ದಾಯಿತೋ, ಕಾಲಿನ ಹಿಂದೆ ತಲೆಯೂ ಕುಣಿಯೊಳಗೆ ಇಳಿಯುತ್ತಿತ್ತು. ಬಂದವರು ಮಗ್ಗ ನೋಡಿ, ಮನುಷ್ಯನನ್ನು ಕಾಣದೆ, “ರೂತವ್ವಾ, ನಿನ್ನ ಗಂಡ ಇಳದಾನೋ, ಏರ್ಯಾನೋ?” ಅಂತ ಕೇಳುತ್ತಿದ್ದರು.

ಆದರೆ ಭಕ್ತಿಯಲ್ಲಿ ಕಡಿಮೆಯಿರಲಿಲ್ಲ. ಊರಿನ ಸಣ್ಣ ಕ್ರೈಸ್ತ ಸಭೆಯಲ್ಲಿ ಅವನು ಒಂದು ಭಾನುವಾರವೂ ತಪ್ಪಿಸಿದವನಲ್ಲ. ದಿನಾ ಬೆಳಿಗ್ಗೆ ಲಾಳಿ ಮುಟ್ಟುವ ಮೊದಲು ಕೈ ಮುಗಿದು, “ಕರ್ತನೇ, ನಾನು ನಿನ್ನ ಶಿಷ್ಯ. ನೀನು ಏನು ಹೇಳಿದರೂ ಮಾಡುತ್ತೇನೆ” ಎನ್ನುತ್ತಿದ್ದ. ಆದರೆ ದಯಮಾಡಿ ಏನೂ ಹೇಳಬೇಡ ಎಂಬುದು ಆ ಪ್ರಾರ್ಥನೆಯ ಹೊಟ್ಟೆಯೊಳಗಿನ ಪ್ರಾರ್ಥನೆ. ನಗಬೇಡಿ, ನಾವು ನೀವು ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಎಲೀಸಪ್ಪನ ಅಂಜಿಕೆಗಳಲ್ಲಿ ಉಳಿದವೆಲ್ಲ ಪುಡಿ ಅಂಜಿಕೆ. ದೊಡ್ಡ ಅಂಜಿಕೆ ಒಂದೇ. ಅದರ ಹೆಸರು ಸಂಸೋನಪ್ಪ.

ಸಂಸೋನಪ್ಪ ಪೈಲ್ವಾನ. ಅದೇ ಸಭೆಯಲ್ಲಿ ಹುಟ್ಟಿ ಬೆಳೆದವನು, ಸಂಡೇ ಸ್ಕೂಲಿನಲ್ಲಿ ಎಲೀಸಪ್ಪನ ಪಕ್ಕದಲ್ಲೇ ಕೂತವನು. ಕುಸ್ತಿ ಹಿಡಿದರೆ ಸುತ್ತಿನ ಹಳ್ಳಿಗಳಲ್ಲಿ ಅವನನ್ನು ಕೆಡವುವವರಿರಲಿಲ್ಲ. ಕಣದಲ್ಲಿ ಗೆದ್ದದ್ದು ಸಾಲದೆ ಮನೆಯಲ್ಲೂ ಗೆಲ್ಲಲು ಹೊರಟ. ಕುಡಿದು ಬಂದು ಹೆಂಡತಿಯನ್ನು ಹೊಡೆಯುತ್ತಿದ್ದ. ಸಭೆಯ ಹಿರಿಯರು ಒಂದು ಭಾನುವಾರ ಎಲ್ಲರೆದುರು ಕೇಳಿದರು, “ಇವ ಹೆಂಡ್ತೀನ ಹೊಡ್ಯೂದನ್ನ ಯಾರರ ನೋಡೀರೇನು?” ಎಲ್ಲರೂ ತಮ್ಮ ತಮ್ಮ ಕಾಲ ಬೆರಳು ನೋಡಿಕೊಂಡರು. ಹಿರಿಯರು ಎಲೀಸಪ್ಪನತ್ತ ತಿರುಗಿದರು. “ನಿಮ್ಮ ಮನಿ ಇವನ ಮನಿಗೆ ಹತ್ತಿಕೊಂಡು ಐತಿ. ನೀ ನೋಡೀ?”

ಅಂಜಿಕೆಗೆ ಸುಳ್ಳು ಹೇಳುವವರು ಬಹಳ. ಎಲೀಸಪ್ಪ ಅಂಜಿಕೆಗೆ ನಿಜ ಹೇಳಿಬಿಟ್ಟ. “ನೋಡೇನ್ರಿ” ಎಂದ.

ಸಂಸೋನಪ್ಪನನ್ನು ಸಭೆಯಿಂದ ಹೊರಗೆ ಹಾಕಿದರು. ಅದೇ ಸಂಜೆ ಅವನು ಎಲೀಸಪ್ಪನ ಮನೆಗೆ ಬಂದ. ಕುಣಿಯೊಳಗೆ ಮುದುಡಿ ಕೂತವನನ್ನು ಅಂಗಿ ಹಿಡಿದು ಮೇಲಕ್ಕೆಳೆದ. ಮಗ್ಗದ ಮೇಲೆ ಹೂಡಿದ್ದ ಹಾಸನ್ನು, ಸಾವಿರಾರು ಎಳೆಗಳನ್ನು, ಕುಡಗೋಲಿನಿಂದ ಒಂದೇ ಏಟಿಗೆ ಕೊಯ್ದು ಹಾಕಿದ. “ಇನ್ನೊಮ್ಮಿ ನನ್ನ ಕಣ್ಣಿಗೆ ಬಿದ್ದಿ ಅಂದ್ರ ಈ ಹಾಸಿನ ಗತಿನ ನಿನಗ” ಎಂದು ಹೇಳಿ ಹೋದ. ಅವನ ಹೆಂಡತಿ ತವರಿಗೆ ಹೋದಳು. ಅವನು ಊರು ಬಿಟ್ಟು ತನ್ನ ಹೊಲದ ಮನೆಗೆ ಹೋಗಿ, ಮುಧೋಳ ನಾಯಿಗಳನ್ನು ಸಾಕಿಕೊಂಡು ಒಬ್ಬನೇ ಇರತೊಡಗಿದ.

ಆ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಹೊರಗೆ ಹಾಕಿದವನು ತಾನಾಗಿ ಒಳಗೆ ಬರುವಂತಿಲ್ಲ. ಸಭೆಯವನೊಬ್ಬ ಅವನ ಕೈ ಹಿಡಿದು ಚರ್ಚಿನ ಬಾಗಿಲು ದಾಟಿಸಬೇಕು. ಒಳ್ಳೆಯ ಪದ್ಧತಿಯೇ. ಆದರೆ ಆ ನಾಯಿಗಳನ್ನು ದಾಟಿ ಹೋಗಿ ಆ ಕೈ ಹಿಡಿಯುವವನು ಯಾರು? ವರ್ಷಗಳು ಕಳೆದವು. ಎಲೀಸಪ್ಪ ಸಂತೆಗೆ ಹೋಗುವಾಗ ಆ ಹೊಲದ ದಾರಿ ಬಿಟ್ಟು, ಹಳ್ಳ ಇಳಿದು ಸುತ್ತು ಹಾಕಿ ಹೋಗುತ್ತಿದ್ದ. ದೂರದಲ್ಲಿ ನಾಯಿ ಬೊಗಳಿದರೂ ಸಾಕು, ಅವನ ನಡಿಗೆ ಓಟವಾಗುತ್ತಿತ್ತು.

ಇನ್ನು ಆ ಸಭೆಯ ಇನ್ನೊಂದು ಪದ್ಧತಿ ಹೇಳಬೇಕು, ಕಥೆ ಇರುವುದು ಅಲ್ಲೇ.

ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಎಲ್ಲರೂ ಒಂದೊಂದು ವಾಗ್ದಾನದ ಚೀಟಿ ಎತ್ತುತ್ತಿದ್ದರು. ಹಳೆಯ ಬಿಸ್ಕಿಟ್ ಡಬ್ಬಿಯೊಂದರ ತುಂಬ ಚೀಟಿಗಳು. ಒಂದೊಂದರ ಮೇಲೆ ಸತ್ಯವೇದದ ಒಂದೊಂದು ವಚನ. ಕಣ್ಣು ಮುಚ್ಚಿ ಎತ್ತಬೇಕು. ಬಂದ ವಚನವೇ ಆ ವರ್ಷ ದೇವರು ನಿನಗೆ ಹೇಳುವ ಮಾತು. ಆ ಚೀಟಿಗಳನ್ನು ಬರೆಯುತ್ತಿದ್ದವಳು ಮಾರ್ಥವ್ವ. ಹಳೆಯ ಉಪದೇಶಿಯವರ ವಿಧವೆ, ಹಲ್ಲೆಲ್ಲ ಹೋದರೂ ಅಕ್ಷರ ಮಾತ್ರ ಮುತ್ತು. ಹಳೆಯ ಲಗ್ನಪತ್ರಿಕೆಗಳನ್ನು ಸಣ್ಣ ಸಣ್ಣದಾಗಿ ಕತ್ತರಿಸಿ ಅವುಗಳ ಬೆನ್ನಿಗೆ ಬರೆಯುತ್ತಿದ್ದಳು. ಚೀಟಿ ಎತ್ತುವ ಹೊತ್ತಿಗೆ ಡಬ್ಬಿಯ ಪಕ್ಕದಲ್ಲೇ ಕೂತಿರುತ್ತಿದ್ದಳು.

ಆ ವರ್ಷ ಎಲೀಸಪ್ಪನ ಸರದಿ ಬಂತು. ಕಣ್ಣು ಮುಚ್ಚಿ ಕೈ ಹಾಕಿದ, ಎತ್ತಿದ, ಕಣ್ಣು ತೆರೆದ. ಚೀಟಿಯಲ್ಲಿ ಹೀಗಿತ್ತು: “ಎದ್ದು ಹೋಗು, ನಾನು ನಿನ್ನನ್ನು ಕಳುಹಿಸುತ್ತೇನೆ.”

ಎಲೀಸಪ್ಪ ಇನ್ನೊಮ್ಮೆ ಓದಿದ. ಹೋಗು? ಎಲ್ಲಿಗೆ? ಯಾಕೆ? ಬೇರೆಯವರಿಗೆಲ್ಲ “ಸಮಾಧಾನ ಕೊಡುವೆನು”, “ಆಶೀರ್ವದಿಸುವೆನು” ಎಂದು ಬರುವಾಗ ನನಗೇ ಯಾಕೆ ಇದು? ಅತ್ತಿತ್ತ ನೋಡಿದ. ಯಾರೂ ನೋಡುತ್ತಿಲ್ಲ ಅನ್ನಿಸಿತು. ಚೀಟಿಯನ್ನು ಮೆಲ್ಲಗೆ ಡಬ್ಬಿಗೆ ಜಾರಿಸಿ ಇನ್ನೊಂದನ್ನು ಎತ್ತಿದ. ಅದರಲ್ಲಿ, “ನಾನೇ ನಿನ್ನ ಸಂಗಡ ಇರುವೆನು” ಎಂದಿತ್ತು. ಆಹಾ! ಇದಲ್ಲವೇ ವಚನ! ಜೀವ ಬಂದ ಹಾಗಾಯಿತು. ಚೀಟಿಯ ಅಂಚಿನಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಕಡಿದ ಕೆಂಪು ದಾರದ ತುಣುಕು. ನೇಕಾರನ ಕಣ್ಣಿಗೆ ಅದು ಬೀಳದೆ ಇರಲಿಲ್ಲ. ಆದರೆ ಅಂದು ಅವನಿಗೆ ದಾರದ ಚಿಂತೆ ಎಲ್ಲಿ? ಮನೆಗೆ ಹೋಗಿ ಆ ಚೀಟಿಯನ್ನು ಮಗ್ಗದ ಗೂಟಕ್ಕೆ ಅಂಟಿಸಿದ.

ನೆಮ್ಮದಿ ಮಾತ್ರ ಬರಲಿಲ್ಲ. “ಸಂಗಡ ಇರುವೆನು” ಎಂದು ಓದಿದಾಗಲೆಲ್ಲ “ಹೋಗು” ಎಂಬುದು ನೆನಪಾಗುತ್ತಿತ್ತು. ಆ ಚೀಟಿ ಯಾರ ಕೈಗೆ ಹೋಯಿತೋ? ದೇವರು ನೋಡಿರಬಹುದೇ? ದೇವರಿಂದ ಓಡಿದವನನ್ನು ಮೀನು ನುಂಗಿದ್ದು ಸಂಡೇ ಸ್ಕೂಲಿನಲ್ಲೇ ಕಲಿತಿದ್ದ. ಮಲಪ್ರಭೆಯಲ್ಲಿ ಅಷ್ಟು ದೊಡ್ಡ ಮೀನಿಲ್ಲ ಎಂದು ಸಮಾಧಾನ ಮಾಡಿಕೊಂಡರೂ, ಆ ಬೇಸಿಗೆ ಅವನು ನದಿಯಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯಲಿಲ್ಲ.

ಒಂದು ದಿನ ಬಿಸಿಲೇರುವ ಹೊತ್ತಿಗೆ ಯಾರೋ ಬಾಗಿಲು ದಡದಡ ಬಡಿದರು. ಎಲೀಸಪ್ಪನ ತಲೆ ಕುಣಿಯೊಳಗೆ ಇಳಿಯಿತು. ಬಂದವಳು ಎಮ್ಮೆ ಮೇಯಿಸುವ ದುರುಗವ್ವ. ಏದುಸಿರು ಬಿಡುತ್ತಿದ್ದಳು.

“ಎಲೀಸಪ್ಪ ಎಲ್ಲದಾನ ರೂತವ್ವಾ? ಸಂಸೋನ ಪೈಲ್ವಾನ ಬಿದ್ದಾನ. ಲಕ್ವಾ ಹೊಡದೈತಿ, ಒಂದ ಕಡೀ ಕೈಕಾಲು ಸತ್ತು ಹೋಗ್ಯಾವ. ಹೊರಸಿನ ಮ್ಯಾಲೆ ಬಿದ್ದಲ್ಲೇ ಬಿದ್ದಾನ. ನಾಯಿ ಯಾರನ್ನೂ ಒಳಗ ಬಿಡವಲ್ಲವು. ಕಿಡಕ್ಯಾಗಿಂದ ಕೂಗಿ ಕೇಳಿದೆ, ಯಾರನ್ನ ಕರೀಲೋ ಯಪ್ಪಾ ಅಂತ. ಎಲೀಸಪ್ಪನ್ನ ಕರಿ ಅಂದ.”

ಕುಣಿಯೊಳಗಿಂದ ದನಿ ಬಂತು. “ನನ್ನನ್ನಾ?”

“ನಿನ್ನನ್ನ. ಬಾಯಿ ಸೊಟ್ಟಾಗೇತಿ, ಹೆಸರು ಸ್ವಚ್ಛ ಹೇಳಿದ. ಮತ್ತ ಮತ್ತ ಹೇಳಿದ.” ಇಷ್ಟು ಹೇಳಿ ದುರುಗವ್ವ ತನ್ನ ಎಮ್ಮೆಗಳ ಕಡೆ ಓಡಿದಳು.

ಎಲೀಸಪ್ಪ ಕುಣಿಯಿಂದ ತಲೆ ಎತ್ತಿದ. “ಗೊತ್ತಾತು ರೂತಾ, ನನಗ ಗೊತ್ತಾತು. ಸಾಯೂ ಮುಂದ ನನ್ನ ಕುತಿಗಿ ಹಿಸುಕಿ ಹೋಗಬೇಕಂತಾನ. ಒಂದ ಕೈ ಸತ್ತೈತಿ, ಇನ್ನೊಂದ ಕೈ ಐತಲ್ಲ! ಆ ಒಂದ ಕೈ ಸಾಕು ನನಗ.”

ರೂತವ್ವನಿಗೂ ನಗು ಬರಲಿಲ್ಲ. ಅವಳು ಗೂಟದ ಮೇಲಿನ ಚೀಟಿ ನೋಡಿದಳು, ಗಂಡನ ಮುಖ ನೋಡಿದಳು. “ಹೋಗ್ರಿ ಅನ್ನಾಕ ನನ್ನ ಬಾಯಿ ಬರೂದಿಲ್ಲ” ಎಂದಳು. “ಹೋಗಬ್ಯಾಡ್ರಿ ಅನ್ನಾಕೂ ಬರವಲ್ಲದು. ಒಬ್ಬ ಮನಷ್ಯಾ ನೀರಿಲ್ದ ಬಿದ್ದಾನಲ್ರಿ.”

ಎಲೀಸಪ್ಪ ಕುಣಿಯಿಂದ ಎದ್ದು ಓಡಿದ. ಹೊಲದ ಕಡೆಗಲ್ಲ, ಸಭೆಯ ಹಿರಿಯರ ಮನೆಗೆ. ಹಿರಿಯರು ಎಲ್ಲ ಕೇಳಿ ಗಡ್ಡ ನೀವಿಕೊಂಡರು. “ಅಂವ ಸಭಿಯಿಂದ ಹೊರಗಿದ್ದಾಂವ. ಹಂಗ ಅವಸರ ಮಾಡಬಾರದು. ಪಾದ್ರಿ ಅಯ್ಯನವರು ಬರ್ಲಿ, ಕೂತು ಮಾತಾಡೂಣು. ಅಲ್ಲೀತನಕ ಪ್ರಾರ್ಥನಾದಾಗ ನೆನಸೂಣು” ಎಂದರು. ಎಲೀಸಪ್ಪನಿಗೆ ಅಮೃತ ಕುಡಿದ ಹಾಗಾಯಿತು. ಆದರೂ ಮನೆಯ ದಾರಿ ಹಿಡಿದವನಿಗೆ ರೂತವ್ವನ ಮಾತು ನೆನಪಾಯಿತು. ಪ್ರಾರ್ಥನೆಯಲ್ಲಿ ನೆನೆಸಿದರೆ ಬಿದ್ದವನ ಬಾಯಿಗೆ ನೀರು ಬೀಳುತ್ತದೆಯೇ? ಯಾರಾದರೂ ಹೋಗಲೇಬೇಕು. ತಾನಲ್ಲದ ಯಾರಾದರೂ.

ಹಾಗೆ ಅವನು ಮಾರ್ಥವ್ವನ ಮನೆಗೆ ಹೋದ. ಮುದುಕಿ ಕಟ್ಟೆಯ ಮೇಲೆ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು.

“ಆಯಿ, ನೀನರ ಪ್ರಾರ್ಥನಾ ಮಾಡು. ಸಂಸೋನನ ಹತ್ರ ಹೋಗಾಕ ಯಾರಿಗರ ಧೈರ್ಯ ಕೊಡು ಅಂತ ಕೇಳು.”

“ಯಾರಿಗರ ಅಂದ್ರ?”

“ಯಾರಿಗರ. ನನ್ನ ಬಿಟ್ಟು.”

ಮಾರ್ಥವ್ವ ಕೈ ಒರೆಸಿಕೊಂಡು ಎದ್ದು ಒಳಗೆ ಹೋದಳು. ತನ್ನ ಸತ್ಯವೇದದ ಹಾಳೆಗಳ ನಡುವಿನಿಂದ ಒಂದು ಚೀಟಿ ತೆಗೆದು ತಂದು ಅವನ ಕೈಗಿಟ್ಟಳು. “ತಗೋ, ನಿಂದು. ಹೊಸ ವರ್ಷದ ದಿನ ನೀ ಹೊಳ್ಳಿ ಹಾಕಿದ್ದನ್ನ ನೋಡಿ ತಗದಿಟ್ಟೆ. ನನ್ನ ಹಲ್ಲು ಹೋಗ್ಯಾವ, ಕಣ್ಣು ಹೋಗಿಲ್ಲ.”

ಎಲೀಸಪ್ಪ ಚೀಟಿ ತಿರುವಿ ನೋಡಿದ. ಅದೇ ಚೀಟಿ. “ಎದ್ದು ಹೋಗು, ನಾನು ನಿನ್ನನ್ನು ಕಳುಹಿಸುತ್ತೇನೆ.” ಅದರ ಅಂಚಿನಲ್ಲೂ ಒಂದು ತೂತು. ತೂತಿನಲ್ಲಿ ಕೆಂಪು ದಾರದ ತುಣುಕು.

“ದಾರ ನೋಡಿದಿ?” ಎಂದಳು ಮಾರ್ಥವ್ವ. “ದೇವರು ಮೋಶೆಗೆ ಹೇಳಿದ ಮಾತು ಅದು. ಹೋಗು ಅಂದ, ಸಂಗಡ ಇರ್ತೀನಿ ಅಂದ, ಎರಡೂ ಒಂದ ಉಸುರಿನಾಗ ಅಂದ. ನನ್ನ ಚೀಟಿ ಸಣ್ಣದು, ಒಂದರಾಗ ಹಿಡೀಲಿಲ್ಲ. ಎರಡರ ಮ್ಯಾಲೆ ಬರದು ದಾರಲೆ ಹೊಲದೆ. ಡಬ್ಬಿ ಅಳ್ಳಾಡಸೂದ್ರಾಗ ದಾರ ಹರೀತು. ನೀ ಅರ್ಧ ವಚನ ಒಗದು, ಅರ್ಧ ವಚನ ಮನಿಗೆ ಒಯ್ದಿ. ಅಲ್ಲೋ ಎಲೀಸಾ, ಕಡದ ಎಳಿ ಕಂಡ್ರ ಗಂಟು ಹಾಕದ ಬಿಡದ ನೇಕಾರ ನೀ, ಈ ಎಳಿ ಹ್ಯಾಂಗ ಬಿಟ್ಟಿ?”

“ಆಯಿ, ಅಂವ ನನ್ನ ಕೊಂದ್ರ?”

“ದಮಸ್ಕ ಅಂಬೂ ಊರಾಗ ಅನನೀಯ ಅಂತ ಒಬ್ಬ ಶಿಷ್ಯ ಇದ್ದ, ಗೊತ್ತಿಲ್ಲೇನು? ನಿನ್ನಂಗ ಸಾದಾ ಮನಷ್ಯಾ. ಶಿಷ್ಯರನ್ನ ಹಿಡದು ಕಟ್ಟಾಕ ಬಂದ ಸೌಲ ಕಣ್ಣು ಕಾಣದ ಕೂತಾನ, ಹೋಗಿ ಅವನ ಮ್ಯಾಲೆ ಕೈ ಇಡು ಅಂದ ಕರ್ತ. ಅನನೀಯನೂ ಇದನ್ನ ಅಂದ, ಅಂವ ಎಂಥಾ ಕೆಟ್ಟಾಂವ ಗೊತ್ತಿಲ್ಲೇನು ಸ್ವಾಮಿ ಅಂತ. ಅಂಜಬ್ಯಾಡ, ನಿನಗೇನೂ ಆಗೂದಿಲ್ಲ ಅಂತ ಕರ್ತ ಅಂದನೇನು? ಇಲ್ಲ. ಹೋಗು ಅಂದ, ಅಷ್ಟ. ಅನನೀಯ ಹೋಗಿ ಬಾಗಲಾ ದಾಟಿ ಮೊದಲ ಏನಂದ ಗೊತ್ತೈತೇನು? ಸಹೋದರಾ ಅಂದ.”

“ನನಗ ಅಷ್ಟು ಧೈರ್ಯ ಇಲ್ಲ ಆಯಿ.” ಎಲೀಸಪ್ಪನ ಕಣ್ಣಲ್ಲಿ ನೀರು ಬಂತು.

“ಇಲ್ಲ ಬಿಡು. ಅಂಜಿಕೋತನ ಹೋಗು. ಧೈರ್ಯ ತಗೊಂಡು ಬಾ ಅಂತ ಚೀಟ್ಯಾಗ ಎಲ್ಲಿ ಬರದೀನಿ?”

ಎಲೀಸಪ್ಪ ಮನೆಗೆ ಬಂದ. ರೂತವ್ವ ಅವನ ಕೈಯಲ್ಲಿನ ಚೀಟಿ ಓದಿದಳು. ರೊಟ್ಟಿಯದೊಂದು, ಮೊಸರನ್ನದ್ದೊಂದು ಗಂಟು ಕಟ್ಟಿದಳು, ತಂಬಿಗೆಯಲ್ಲಿ ನೀರು ತುಂಬಿ ಕೊಟ್ಟಳು. “ನಾನೂ ಬರ್ಲೇನು?” ಎಂದಳು. “ಬ್ಯಾಡ. ಇಬ್ರೂ ಸತ್ರ ಮಗ್ಗ ಯಾರು ನೋಡ್ತಾರ?” ಎಂದ. ತಮಾಷೆಗೆ ಹೇಳಿದ್ದಲ್ಲ, ಅವನಿಗೆ ಹಾಗೇ ಅನ್ನಿಸಿತ್ತು.

ಊರ ಹೊರಗಿನ ದಾರಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಜೋಳ ಕೊಯ್ದ ಹೊಲಗಳಲ್ಲಿ ಒಣಗಿದ ಕೂಳೆ ಮಾತ್ರ. ಗಾಳಿಯಿಲ್ಲ, ಹಕ್ಕಿಯಿಲ್ಲ. ತನ್ನ ಚಪ್ಪಲಿಯ ಸದ್ದೇ ಹಿಂದಿನಿಂದ ಯಾರೋ ಬಂದ ಹಾಗೆ ಕೇಳಿ ಎಲೀಸಪ್ಪ ಮತ್ತೆ ಮತ್ತೆ ತಿರುಗಿ ನೋಡಿದ. ಹಳ್ಳದ ತಿರುವು ಬಂತು. ಅವನು ಯಾವಾಗಲೂ ಸುತ್ತು ಹಾಕುತ್ತಿದ್ದ ಜಾಗ. ಕಾಲು ತಾವಾಗಿ ಹಳ್ಳದ ಕಡೆ ತಿರುಗಿದವು. ಬೈದು ಅವುಗಳನ್ನು ಹೊಲದ ಕಡೆ ತಿರುಗಿಸಿದ. “ಕರ್ತನೇ, ಸಂಗಡ ಇದ್ದೀ? ಇದ್ದೀ ಅಲ್ಲ?” ಎಂದು ಕೇಳಿದ. ತಂಬಿಗೆಯ ನೀರು ತುಳುಕಿ ಅವನ ಧೋತರ ಒದ್ದೆಯಾಯಿತು. ಒದ್ದೆಯಾದದ್ದು ಬರೀ ತಂಬಿಗೆಯ ನೀರಿನಿಂದಲೇ ಎಂದು ನಾನು ಆಣೆ ಮಾಡಲಾರೆ.

ಆಗ ನಾಯಿಗಳು ಬಂದವು.

ಬೊಗಳಲಿಲ್ಲ. ಬೊಗಳಿದ್ದರೆ ವಾಸಿಯಿತ್ತು. ಉದ್ದ ಮೋರೆಯ, ಒಣಕಲು ಮೈಯ ಎರಡು ಮುಧೋಳ ನಾಯಿಗಳು ಸದ್ದಿಲ್ಲದೆ ಎದುರಿಗೆ ಬಂದು ನಿಂತವು. ಗಂಟಲೊಳಗೆ ಗುರುಗುಟ್ಟಿದವು. ಎಲೀಸಪ್ಪ ನಿಂತಲ್ಲೇ ನಿಂತ. ಒಂದು ನಾಯಿ ಹತ್ತಿರ ಬಂದು ಅವನ ಕೈ ಮೂಸಿತು. ಅದರ ಬಿಸಿ ಉಸಿರು ಬೆರಳಿಗೆ ತಾಗಿತು. ಇನ್ನು ಮುಗಿಯಿತು ಎಂದು ಕಣ್ಣು ಮುಚ್ಚಿದ. ಕೈಯಲ್ಲಿದ್ದ ಗಂಟುಗಳು ಜಾರಿ ಬಿದ್ದವು.

ಗಬಗಬ ಸದ್ದು ಕೇಳಿ ಕಣ್ಣು ತೆರೆದ. ನಾಯಿಗಳು ರೊಟ್ಟಿ ತಿನ್ನುತ್ತಿದ್ದವು. ಒಡೆಯ ಬಿದ್ದ ಮೇಲೆ ಅವಕ್ಕೆ ಕೂಳು ಹಾಕಿದವರು ಯಾರು? ಹಸಿವಿನಿಂದ ಅವುಗಳ ಪಕ್ಕೆಲುಬು ಎಣಿಸುವ ಹಾಗಿದ್ದವು. ಎಲೀಸಪ್ಪ ಉಳಿದ ಮೊಸರನ್ನದ ಗಂಟನ್ನು ಮೆಲ್ಲಗೆ ಎತ್ತಿಕೊಂಡು, ಉಸಿರು ಬಿಗಿಹಿಡಿದು, ಅಡ್ಡಡ್ಡ ಹೆಜ್ಜೆ ಇಡುತ್ತ ಬಾಗಿಲಿಗೆ ಬಂದ.

ಒಳಗೆ ಕತ್ತಲೆ, ಕೆಟ್ಟ ವಾಸನೆ. ಕಣ್ಣಿಗೆ ಕತ್ತಲೆ ಹೊಂದಿಕೊಂಡ ಮೇಲೆ ಹೊರಸು ಕಂಡಿತು. ಹೊರಸಿನ ಮೇಲೆ ಆ ದೊಡ್ಡ ದೇಹ. ಒಂದು ಕಣ್ಣು ಅರೆಮುಚ್ಚಿತ್ತು, ಇನ್ನೊಂದು ನೆಟ್ಟಗೆ ಅವನನ್ನೇ ನೋಡುತ್ತಿತ್ತು. ಬದುಕಿದ್ದ ಒಂದು ಕೈಯಲ್ಲಿ ಕುಡಗೋಲು. ಎಲೀಸಪ್ಪನಿಗೆ ಆ ಕುಡಗೋಲಿನ ಗುರುತಿತ್ತು. ಅದು ಅವನ ಹಾಸು ಕೊಯ್ದದ್ದು.

ಈಗ ಅವನಿಗೆ ಓಡಿಹೋಗಲು ಅಡ್ಡಿಯಿರಲಿಲ್ಲ. ಬಾಗಿಲು ಹಿಂದೆಯೇ ಇತ್ತು, ನಾಯಿಗಳು ರೊಟ್ಟಿಯ ಮೇಲಿದ್ದವು, ಬಿದ್ದವನು ಎದ್ದು ಬರುವ ಹಾಗಿರಲಿಲ್ಲ. ನೀರಿನ ತಂಬಿಗೆ ಹೊಸಿಲಲ್ಲಿಟ್ಟು ಹೋದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವನ ಮೈಯ ಒಂದೊಂದು ರೋಮವೂ ಓಡು ಎಂದಿತು. ಎಲೀಸಪ್ಪ ನಡುಗುತ್ತ ಹೊಸಿಲು ದಾಟಿದ. ಬಾಯಿಂದ ಒಂದೇ ಮಾತು ಹೊರಟಿತು.

“ಅಣ್ಣಾ.”

ಕುಡಗೋಲು ಹಿಡಿದ ಕೈ ಅಲ್ಲಾಡಿತು. ಎಲೀಸಪ್ಪ ಕಣ್ಣು ಮುಚ್ಚಿಕೊಂಡ. ಏಟು ಬೀಳಲಿಲ್ಲ. ಕೇಳಿದ್ದು ಅಳುವ ಸದ್ದು. ಪೈಲ್ವಾನ ಸಂಸೋನಪ್ಪ ಅಳುತ್ತಿದ್ದ.

ಎಲೀಸಪ್ಪ ಹತ್ತಿರ ಹೋಗಿ ಅವನ ತಲೆ ಎತ್ತಿ ನೀರು ಕುಡಿಸಿದ. ಅರ್ಧ ನೀರು ಸೊಟ್ಟ ಬಾಯಿಂದ ಹೊರಗೆ ಹರಿಯಿತು. ಆಮೇಲೆ ಸಂಸೋನಪ್ಪ ತಡವರಿಸುತ್ತ, ಒಂದೊಂದೇ ಮಾತು ಕಿತ್ತು ಹೊರಗೆ ಹಾಕಿದ.

“ಎಲೀಸಾ... ನನಗ ಅಂಜಿಕಿ ಆಗೇತಿ.”

ಎಲೀಸಪ್ಪ ಅವನ ಗದ್ದದ ಮೇಲಿನ ನೀರು ಒರೆಸಿದ.

“ಜನ್ಮದಾಗ ಅಂಜಿಲ್ಲ. ಹ್ಯಾಂಗ ಅಂಜಬೇಕು... ಗೊತ್ತಿಲ್ಲ ನನಗ. ಸಾವು ಬಂದ್ರ ಹೊಡ್ಯಾಕಂತ... ಇದನ್ನ ಹಿಡ್ಕೊಂಡ ಮಲಗೀನಿ.” ಕುಡಗೋಲನ್ನು ತುಸು ಎತ್ತಿ ತೋರಿಸಿದ. “ಊರಾಗ ನಿನ್ನಷ್ಟು ಅಂಜಿದಾಂವ ಯಾರದಾರ? ದಿನಾ ಅಂಜೀದಿ, ದಿನಾ ಬದುಕೀದಿ. ಹ್ಯಾಂಗ ತಡಕೊಂಡಿ? ಅದನ್ನ ಕೇಳಾಕ ಕರಸೀನಿ. ಹೇಳೋ.”

ಅಯ್ಯೋ ದೇವರೇ! ಊರೆಲ್ಲ ನಕ್ಕ ಅಂಜಿಕೆ, ತಾನೇ ನಾಚಿ ಕುಣಿಯಲ್ಲಿ ಬಚ್ಚಿಟ್ಟ ಅಂಜಿಕೆ. ಅದರ ಬಗ್ಗೆ ಕೇಳಲೆಂದೇ ಇವನು ಕರೆಸಿದ್ದ. ಹಿರಿಯರನ್ನು ಕಳಿಸಿದ್ದರೆ ಹಿರಿಯರು ಉಪದೇಶ ಹೇಳುತ್ತಿದ್ದರು. ಧೈರ್ಯವಂತನನ್ನು ಕಳಿಸಿದ್ದರೆ ಅವನು ಧೈರ್ಯ ತಗೋ ಎನ್ನುತ್ತಿದ್ದ. ಈ ಮನೆಗೆ ಬೇಕಾಗಿದ್ದವನು ಒಬ್ಬ ಅಂಜುಬುರುಕ. ಅದಕ್ಕೆ ತಕ್ಕವನು ಎಲೀಸಪ್ಪ ಒಬ್ಬನೇ.

ಅವನು ಹೊರಸಿನ ಅಂಚಿನಲ್ಲಿ ಕೂತ. ತನ್ನ ಅಂಜಿಕೆಯ ಬಗ್ಗೆ ಯಾರೂ ಅವನನ್ನು ಹೀಗೆ ಮರ್ಯಾದೆಯಿಂದ ಕೇಳಿರಲಿಲ್ಲ.

“ಅಂಜಿಕಿ ಹೋಗೂದಿಲ್ಲ ಅಣ್ಣಾ” ಎಂದ. “ನಾ ಭಾಳ ನೋಡೀನಿ, ಹೋಗೂದಿಲ್ಲ ಅದು. ಆದ್ರ ಅಂಜಿಕಿ ಬಂದಾಗ ನಾ ಒಬ್ಬನ ಇರೂದಿಲ್ಲ. ರೂತವ್ವನ ಕೈ ಹಿಡೀತೀನಿ. ಆಕಿ ಇಲ್ಲಂದ್ರ ಕರ್ತಾ, ಇದ್ದೀ ಅಂತ ಕೇಳ್ತೀನಿ. ಒಬ್ಬಾಂವನ ಅಂಜಿದ್ರ ಅದು ಕೊಲ್ಲತೈತಿ. ಇಬ್ರು ಕೂಡಿ ಅಂಜಿದ್ರ ಬರೇ ಅಂಜಿಕಿ ಅಷ್ಟ. ತಡಕೋಬಹುದು. ಕುಡಗೋಲು ಬಿಡು, ಕೈ ಕೊಡು.”

ಕುಡಗೋಲು ನೆಲಕ್ಕೆ ಬಿತ್ತು. ಆ ದೊಡ್ಡ ಕೈ ಎಲೀಸಪ್ಪನ ಸಣ್ಣ ಕೈಯನ್ನು ಹಿಡಿಯಿತು. ಎರಡೂ ನಡುಗುತ್ತಿದ್ದವು. ಯಾವುದು ಯಾರ ನಡುಕವೋ ತಿಳಿಯುತ್ತಿರಲಿಲ್ಲ.

“ನಿನ್ನ ಹಾಸು ಕೊಯ್ದೆ ನಾ” ಎಂದ ಸಂಸೋನಪ್ಪ.

“ಹೌದು, ಕೊಯ್ದಿ” ಎಂದ ಎಲೀಸಪ್ಪ. ನಿಜ ಹೇಳುವ ಕೆಟ್ಟ ಚಾಳಿ ಅವನಿಗೆ ಆಗಲೂ ಬಿಟ್ಟಿರಲಿಲ್ಲ. “ಭಾಳ ಅತ್ತೆ. ಆಮ್ಯಾಲೆ ಒಂದೊಂದ ಎಳಿ ಹಿಡದು ಗಂಟು ಹಾಕಿದೆ. ಹಾಸು ಮತ್ತ ಕೂಡಿತು.”

ಸಂಸೋನಪ್ಪ ಆ ಮಾತಿಗೆ ಮತ್ತೆ ಅತ್ತ. ಎಲೀಸಪ್ಪ ಅವನ ಮೈ ಒರೆಸಿ, ಮೊಸರನ್ನ ತಿನ್ನಿಸಿದ. ಉಳಿದ ಅನ್ನವನ್ನು ನಾಯಿಗಳಿಗೆ ಹಾಕಿದ. ಅಂದಿನಿಂದ ಎಲೀಸಪ್ಪ, ರೂತವ್ವ ಸರದಿಯ ಮೇಲೆ ಆ ಮನೆಗೆ ಹೋಗಿ ಬಂದರು. ನಾಯಿಗಳನ್ನು ಕಂಡರೆ ಎಲೀಸಪ್ಪನಿಗೆ ಕಡೆಯವರೆಗೂ ಅಂಜಿಕೆಯೇ. ಅವು ಬಾಲ ಆಡಿಸಿದರೂ ಅವನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಮುಂಗಾರಿಗೆ ಮೊದಲು ಒಂದು ಭಾನುವಾರ ಚರ್ಚಿನ ಮುಂದೆ ಒಂದು ಎತ್ತಿನ ಚಕ್ಕಡಿ ಬಂದು ನಿಂತಿತು. ಒಳಗೆ ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಚಕ್ಕಡಿಯಲ್ಲಿ ಸಂಸೋನಪ್ಪ. ಅವನ ಕೈ ಹಿಡಿದು ನಿಂತಿದ್ದವನು ಎಲೀಸಪ್ಪ. ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದದ್ದು ನೋಡಿ ಅವನಿಗೆ ಬೆವರು ಕಿತ್ತುಬಂತು. ಸಂಸೋನಪ್ಪನ ಮೈ ಎತ್ತಲು ಒಬ್ಬನಿಂದ ಆಗುವುದೇ? ಹಿರಿಯರೇ ಮೊದಲು ಎದ್ದು ಬಂದರು. ತಲೆ ತಗ್ಗಿಸಿ, “ನಾವು ಪ್ರಾರ್ಥನಾ ಮಾಡಿಕೋತ ಕೂತಿದ್ವಿ ನೋಡಪಾ” ಎಂದು ಭುಜ ಕೊಟ್ಟರು. ಬೇರೆಯವರು ಮೈ ಹೊತ್ತರು. ಕೈ ಮಾತ್ರ ಎಲೀಸಪ್ಪ ಬಿಡಲಿಲ್ಲ. ಹೀಗೆ ಸಂಸೋನಪ್ಪ ಹೊಸಿಲು ದಾಟಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ತೀರಿಕೊಂಡ. ಆಗಲೂ ಎಲೀಸಪ್ಪನ ಕೈ ಅವನ ಕೈಯಲ್ಲಿತ್ತು. “ಅಂಜಿಕಿ ಐತೇನು ಅಣ್ಣಾ?” ಎಂದು ಕೇಳಿದ್ದಕ್ಕೆ, “ಐತಿ. ನಿನಗ?” ಎಂದ. “ನನಗೂ ಐತಿ” ಎಂದ ಎಲೀಸಪ್ಪ. ಸಂಸೋನಪ್ಪನ ಸೊಟ್ಟ ಬಾಯಿಯಲ್ಲಿ ಒಂದು ಸಣ್ಣ ನಗು ಬಂತು. ಹಾಗೇ ಹೋದ.

ಮತ್ತೆ ಹೊಸ ವರ್ಷ ಬಂತು, ಡಬ್ಬಿ ಬಂತು. ಎಲೀಸಪ್ಪ ಕಣ್ಣು ಮುಚ್ಚಿ ಕೈ ಹಾಕಿದ. ಚೀಟಿ ಎತ್ತಿದವನು ವಚನ ಓದುವ ಮೊದಲು ಅದರ ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದ.

“ಏನು ಹುಡಕ್ತೀಯೋ?” ಎಂದಳು ಮಾರ್ಥವ್ವ.

“ದಾರ ನೋಡಾಕತ್ತೀನಿ ಆಯಿ. ಇದರ ಇನ್ನರ್ಧ ಇದ್ರ ಅದನ್ನೂ ಕೊಟ್ಟುಬಿಡು. ಮನಿಗೆ ಪೂರಾ ವಚನ ಒಯ್ತೀನಿ” ಎಂದ ಎಲೀಸಪ್ಪ.

ಈಗಲೂ ಅವನ ಮಗ್ಗದ ಗೂಟದ ಮೇಲೆ ಆ ಎರಡು ಹಳೆಯ ಚೀಟಿಗಳು ಒಟ್ಟಿಗೇ ಇವೆ. ಕೆಂಪು ದಾರದ ಎರಡು ತುಣುಕುಗಳಿಗೆ ನಡುವೆ ನೇಕಾರನ ಗಂಟು ಬಿದ್ದಿದೆ.

ನೀತಿ: “ಸಂಗಡ ಇರುವೆನು” ಎಂಬ ಮಾತು ಹೊರಟವನಿಗೆ ಹೇಳಿದ್ದು, ಕುಣಿಯಲ್ಲಿ ಅಡಗಿ ಕೂತವನಿಗಲ್ಲ. ಅಂಜಿಕೆ ಹೋದ ಮೇಲೆ ಹೋಗುತ್ತೇನೆ ಎನ್ನಬೇಡಿ, ಅಂಜುತ್ತಲೇ ಹೋಗಿ. ಕರೆಯುವವನಿಗೆ ನಿಮ್ಮ ಧೈರ್ಯ ಬೇಕಿಲ್ಲದಿರಬಹುದು, ನಿಮ್ಮ ಅಂಜಿಕೆಯೇ ಬೇಕಾಗಿರಬಹುದು.